ಅಪ್ರದಕ್ಷಿಣವಾಗಿ ನೋಡಿದ ಹಳೇಬೀಡು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನಾನು ಮೊದಲ ಸಲ ನೋಡಿದ್ದು ಹಿಂದುಮುಂದಾಗಿ. ಹಾಸನದಿಂದ ಬಸ್ಸು ಹಿಡಿದು ಬೇಲೂರಿಗೆ ಹೋಗಿ, ಅಲ್ಲಿ ಅವಸರದಲ್ಲಿ ಒಂದು ಸುತ್ತು ಹೊಡೆದು, ಮತ್ತೆ 16 ಕಿಲೋಮೀಟರ್ ದೂರದ ಹಳೇಬೀಡಿಗೆ ಬಂದಿಳಿಯುವಾಗ ನಡುಮಧ್ಯಾಹ್ನ. ಚಪ್ಪಲಿ ಬಿಟ್ಟು ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಕಾಲಿಟ್ಟರೆ ಕಲ್ಲು ಕಾದ ಕಾವಲಿಯಾಗಿತ್ತು. ನೆರಳು ಕಂಡ ಕಡೆಗೆ ಓಡಿದೆ. ಉತ್ತರದ ಬಾಗಿಲಿನ ಬಳಿ ಒಂದಿಷ್ಟು ನೆರಳಿತ್ತು. ಅಲ್ಲಿಂದಲೇ ಶುರುಮಾಡಿ, ಪಶ್ಚಿಮದ ಗೋಡೆಗುಂಟ ಕುಣಿಯುತ್ತ ಕುಣಿಯುತ್ತ ದಕ್ಷಿಣಕ್ಕೆ ಬಂದೆ. ಮೊಬೈಲಿನಲ್ಲಿ ನೂರಾರು ಚಿತ್ರಗಳು ಸೇರಿದವು. ಮನೆಗೆ ಬಂದು ನೋಡಿದರೆ ಯಾವ ಮೂರ್ತಿ ಯಾವುದರ ಪಕ್ಕದಲ್ಲಿತ್ತು ಎಂಬುದೇ ನೆನಪಿಲ್ಲ. ಎಲ್ಲ ಕಿರೀಟಗಳೂ ಒಂದೇ, ಎಲ್ಲ ಸೊಂಟಗಳೂ ಒಂದೇ.

ನಾನು ದೊಡ್ಡ ಭಕ್ತನೇನಲ್ಲ. ಪ್ರದಕ್ಷಿಣೆ, ತೀರ್ಥ, ಮಂಗಳಾರತಿ ಎಲ್ಲ ಹರಕೆ ಹೊತ್ತು ಬಂದವರ ಪಾಡಿಗಿರಲಿ, ನನಗೆ ಶಿಲ್ಪ ಸಾಕು ಎಂದುಕೊಂಡು ತಿರುಗುತ್ತಿದ್ದವನು. ಈ ಲೆಕ್ಕಾಚಾರ ತಲೆಕೆಳಗಾದದ್ದು ಸೋಮನಾಥಪುರದಲ್ಲಿ.

ಅಲ್ಲಿಯದು ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ, ದೇವಾಲಯ. ಈಗ ಅಲ್ಲಿ ಪೂಜೆಯಿಲ್ಲ. ಗಂಟೆಯಿಲ್ಲ, ಅರ್ಚಕರಿಲ್ಲ, ಹೀಗೆ ಬನ್ನಿ ಹಾಗೆ ಹೋಗಿ ಎನ್ನುವವರಿಲ್ಲ. ಆದರೂ ಒಬ್ಬ ಅಜ್ಜಿ ಮೊಮ್ಮಗನ ಕೈಹಿಡಿದು ಗುಡಿಯನ್ನು ಬಲಕ್ಕಿಟ್ಟುಕೊಂಡು ನಿಧಾನವಾಗಿ ಸುತ್ತುತ್ತಿದ್ದರು. ಗೋಡೆಯ ಕಥಾಪಟ್ಟಿಕೆಯ ಗುಂಟ ಅವರ ಬೆರಳು, ಕಲ್ಲಿಗೆ ತಾಗದಂತೆ, ಸಾಗುತ್ತಿತ್ತು. ನಾನು ಹಿಂದೆಯೇ ಕಿವಿಗೊಟ್ಟು ನಡೆದೆ. ದಕ್ಷಿಣದ ಗರ್ಭಗುಡಿಯ ಹೊರಗೋಡೆ ದಾಟುತ್ತಲೇ ಅಜ್ಜಿ, "ಇಲ್ಲಿಗೆ ರಾಮಾಯಣ ಮುಗಿಯಿತು, ಇನ್ನು ಕೃಷ್ಣನದು" ಎಂದರು. ಹಿಂಬದಿಯಲ್ಲಿ ಭಾಗವತ. ಅದನ್ನೂ ಸುತ್ತಿ ಉತ್ತರಕ್ಕೆ ತಿರುಗಿದರೆ ಮಹಾಭಾರತ. ಪೂರ್ವದ ಬಾಗಿಲಿನಿಂದ ಹೊರಟು ಬಲಕ್ಕೆ ಸುತ್ತಿದವರಿಗೆ ಮಾತ್ರ ಕಥೆ ಈ ಕ್ರಮದಲ್ಲಿ ಸಿಗುತ್ತದೆ. ತ್ರೇತಾಯುಗ ಮೊದಲು, ದ್ವಾಪರ ಆಮೇಲೆ. ನನ್ನ ಹಾಗೆ ನೆರಳು ಹುಡುಕಿಕೊಂಡು ಹೋದರೆ ಕುರುಕ್ಷೇತ್ರವಾದ ಮೇಲೆ ರಾಮ ಬರುತ್ತಾನೆ.

ಆಮೇಲೆ ಕೂತು ಯೋಚಿಸಿದಾಗ ಇನ್ನೊಂದು ವಿಷಯ ಹೊಳೆಯಿತು. ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರೂ ಊರಿನ ಗುಡಿಗಳಲ್ಲಿ ಗರ್ಭಗುಡಿಯ ಸುತ್ತ ಒಳಗಡೆ ಪ್ರದಕ್ಷಿಣಾಪಥವಿಲ್ಲ. ಹೊರಗಿನ ಎತ್ತರದ ಜಗತಿಯೇ ಪಥ. ನಾನು ನಿಂತು ಚಿತ್ರ ತೆಗೆಯುವ ಕಟ್ಟೆ ಎಂದುಕೊಂಡಿದ್ದದ್ದು ಸುತ್ತುವವರ ಕಾಲಿಗಾಗಿಯೇ ಕಟ್ಟಿದ ದಾರಿ. ಗೋಡೆಯನ್ನು ನಕ್ಷತ್ರದ ಹಾಗೆ ಮಡಿಸಿ ಮಡಿಸಿ ಕಟ್ಟಿರುವುದರಿಂದ ಎರಡು ಹೆಜ್ಜೆಗೊಮ್ಮೆ ಹೊಸ ಮುಖ ಎದುರಾಗುತ್ತದೆ, ಬಿಸಿಲು ಬೇರೆ ಕೋನದಿಂದ ಬೀಳುತ್ತದೆ. ಒಂದೇ ಕಡೆ ನಿಂತವನಿಗೆ ಅರ್ಧ ಗೋಡೆ ಮರೆಯಾಗಿಯೇ ಉಳಿಯುತ್ತದೆ.

ಹಳೇಬೀಡಿಗೆ ಎರಡನೆಯ ಸಲ ಹೋದದ್ದು ಈ ತಿಳಿವಳಿಕೆಯ ಜೊತೆ, ಹೊತ್ತು ಇಳಿದ ಮೇಲೆ. ಈ ಬಾರಿ ದಕ್ಷಿಣದ ಬಾಗಿಲಿನಿಂದ. ಅಲ್ಲಿ ನೃತ್ಯಗಣಪತಿ ಇದ್ದಾನೆ. ಅವನಿಂದ ಶುರುವಾದ ಸುಮಾರು 240 ದೊಡ್ಡ ಮೂರ್ತಿಗಳ ಸಾಲು ಪಶ್ಚಿಮವನ್ನು ಬಳಸಿ ಉತ್ತರದ ಬಾಗಿಲಿನ ಇನ್ನೊಬ್ಬ ಗಣಪತಿಯಲ್ಲಿ ಮುಗಿಯುತ್ತದೆ. ಮೊದಲ ಸಲ ನಾನು ಕೊನೆಯ ಗಣಪತಿಗೇ ಮೊದಲ ನಮಸ್ಕಾರ ಹಾಕಿದ್ದೆ!

ಮೂರು ಸುತ್ತು ಎಂದು ತೀರ್ಮಾನಿಸಿದೆ, ಸುತ್ತಿಗೊಂದು ಎತ್ತರ. ಮೊದಲ ಸುತ್ತಿನಲ್ಲಿ ಕೆಳಗಿನ ಪಟ್ಟಿಕೆಗಳು ಮಾತ್ರ: ತಳದಲ್ಲಿ ಭಾರ ಹೊತ್ತ ಆನೆಗಳು, ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ. ಎರಡನೆಯದರಲ್ಲಿ ಪುರಾಣದ ಪಟ್ಟಿಕೆ, ಅದರ ಮೇಲಿನ ಮಕರ ಮತ್ತು ಹಂಸ. ಮೂರನೆಯದರಲ್ಲಿ ದೊಡ್ಡ ಮೂರ್ತಿಗಳು. ಮೂರನೆಯ ಸುತ್ತಿನ ಹೊತ್ತಿಗೆ ಇಳಿಬಿಸಿಲು ಪಶ್ಚಿಮದ ಗೋಡೆಗೆ ಓರೆಯಾಗಿ ಬಿದ್ದು, ಮಧ್ಯಾಹ್ನ ಚಪ್ಪಟೆಯಾಗಿ ಕಂಡಿದ್ದ ಕಲ್ಲು ಆಳ ಪಡೆದಿತ್ತು. ಕೈಲಾಸ ಎತ್ತುತ್ತಿರುವ ರಾವಣನ ಮುಂದೆ ಕಾಲು ಗಂಟೆ ನಿಂತೆ. ಮೇಲೆ ಶಿವಪಾರ್ವತಿಯರು, ಕೆಳಗೆ ಸಾಲುಸಾಲು ಪರಿವಾರ, ಎಲ್ಲರ ಅಡಿಯಲ್ಲಿ ಭಾರಕ್ಕೆ ಕುಸಿದ ರಾವಣ. ಒಡವೆಗೂ ಮೈಗೂ ನಡುವೆ ನೆರಳು ನುಸುಳುವಷ್ಟು ಸಂದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಇಂಥ ಕುಸುರಿ ಸಾಧ್ಯವಾಯಿತು. ಅಲ್ಲಲ್ಲಿ ಕೆತ್ತದೆ ಬಿಟ್ಟ ಕಲ್ಲುಗಳೂ ಇವೆ. ಅವು ಮೊದಲ ಸಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಹೋದಾಗಲೆಲ್ಲ ಅವುಗಳ ಮುಂದೆ ನಿಲ್ಲುತ್ತೇನೆ, ಯಾಕೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಬೇಲೂರಿನ ವಿಷಯ ಬೇರೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತಿದೆ. 2023ರಲ್ಲಿ ಈ ಮೂರೂ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಿದ್ದಾರೆ ಎಂದು ನನಗನ್ನಿಸುತ್ತದೆ. ಆದರೆ ಬೇಲೂರಿನಲ್ಲಿ ಪ್ರವಾಸಿ ದೇವರ ಮನೆಗೆ ಬಂದ ಅತಿಥಿ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ ಎಂಬ ಸಾಮಾನ್ಯ ಜ್ಞಾನವೂ ಇಲ್ಲದೆ ಮೊದಲ ಸಲ ಹೋಗಿದ್ದೆ. ಮತ್ತೊಮ್ಮೆ ಹೋದಾಗ ಬೆಳಿಗ್ಗೆಯೇ ಹೋಗಿ ಮೊದಲು ಸಾಲಿನಲ್ಲಿ ನಿಂತೆ.

ಅದರ ಲಾಭ ನಾನು ಎಣಿಸಿದ್ದಲ್ಲ. ಹೊರಗಿನ ಬೆಳಕಿನಿಂದ ನೇರ ನವರಂಗಕ್ಕೆ, ಗರ್ಭಗುಡಿಯ ಮುಂದಿನ ಕಂಬಗಳ ಮಂಟಪಕ್ಕೆ, ನುಗ್ಗಿದವನಿಗೆ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೊದಲ ಸಲ ಎರಡು ನಿಮಿಷ ನಿಂತು ಹೊರಬಂದುಬಿಟ್ಟಿದ್ದೆ. ಸಾಲು ಆಮೆವೇಗದಲ್ಲಿ ಸರಿಯುವಷ್ಟರಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಕಡೆದು ನುಣುಪು ಮಾಡಿದ ಕಂಬಗಳ ಹೊಳಪು ಮೆಲ್ಲಗೆ ಹೊರಬಂತು, ಆಮೇಲೆ ನರಸಿಂಹ ಕಂಬ, ಆಮೇಲೆ ತಲೆಯ ಮೇಲಿನ ಭುವನೇಶ್ವರಿಯ, ಅಂದರೆ ಕೆತ್ತಿದ ಒಳಛಾವಣಿಯ, ತಾವರೆ. ಅಷ್ಟರಲ್ಲಿ ನನ್ನ ಸರದಿ. ಬಲಗೈಯಲ್ಲಿ ಮೊಬೈಲ್ ಇದ್ದುದರಿಂದ ತೀರ್ಥಕ್ಕೆ ಎಡಗೈ ಚಾಚಿದೆ. ಅರ್ಚಕರು ಏನೂ ಹೇಳಲಿಲ್ಲ. ಉದ್ಧರಣೆಯನ್ನು ನನ್ನ ಅಂಗೈಯ ಮೇಲೆ ಎತ್ತಿ ಹಿಡಿದು, ಒಂದು ತುಳಸಿ ಎಸಳು ತೇಲುತ್ತಿದ್ದ ಆ ನೀರನ್ನು ಸುರಿಯದೆ, ಸುಮ್ಮನೆ ಕಾದರು. ಹಿಂದಿದ್ದವರು ಕೆಮ್ಮಿದ ಮೇಲೆಯೇ ನನಗೆ ಅರ್ಥವಾದದ್ದು. ಮೊಬೈಲನ್ನು ಜೇಬಿಗೆ ತುರುಕಿ ಬಲಗೈ ಹಸುವಿನ ಕಿವಿಯ ಹಾಗೆ ಮಡಿಸಿದೆ, ದೇವರ ಪಾದದ ಗುರುತಾಗಿ ತಲೆಗೆ ಮುಟ್ಟಿಸುವ ಶಠಾರಿಗೆ ತಲೆ ಬಾಗಿಸಿದೆ. ಅಂದಿನಿಂದ ಹೊಸ್ತಿಲು ದಾಟುವ ಮೊದಲೇ ಮೊಬೈಲು ಜೇಬು ಸೇರುತ್ತದೆ.

ಆಮೇಲೆ ಹೊರಗಿನ ಸುತ್ತು. ಬೇಲೂರಿನ ಮದನಿಕೆಯರಲ್ಲಿ, ಅಂದರೆ ಕಲ್ಲಿನ ಸುಂದರಿಯರಲ್ಲಿ, 38 ಮಂದಿ ಹೊರಗೆ ಸೂರಿನಡಿ ಒರಗಿ ನಿಂತಿದ್ದಾರೆ. ಬರಿಗಣ್ಣಿಗೆ ಅವರ ಭಂಗಿ ಸಿಗುತ್ತದೆ, ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಏನಿದೆ ಎಂಬುದು ಸಿಗುವುದಿಲ್ಲ. ಅದಕ್ಕೇ ಈಗ ಚಿಕ್ಕದೊಂದು ದುರ್ಬೀನು ಒಯ್ಯುತ್ತೇನೆ. ಕ್ಯಾಮೆರಾಗಿಂತ ಅದೇ ವಾಸಿ. ಒಬ್ಬ ಮದನಿಕೆಯ ಮೇಲೆ ಹಲಸಿನ ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ ಇದೆ ಎಂದು ಕೇಳಿದ್ದೆ. ಎರಡು ಸುತ್ತು ಹುಡುಕಿದರೂ ಕಾಣಲಿಲ್ಲ, ಕುತ್ತಿಗೆ ಹಿಡಿದುಕೊಂಡಿತು. ಮೂರನೆಯ ಸುತ್ತಿನಲ್ಲಿ ಮೊದಲು ಹಲ್ಲಿ ಸಿಕ್ಕಿತು, ಅದರ ಮೂತಿ ತೋರಿದ ದಿಕ್ಕಿನಲ್ಲಿ ನೊಣವೂ ಸಿಕ್ಕಿತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ದುರ್ಬೀನಿಗೆ ಕೈಚಾಚಿದರು. ಅವರು ನೊಣ ಹುಡುಕುತ್ತಿದ್ದ ಹೊತ್ತಿನಲ್ಲಿ ಕಾಲಡಿಯ ಕಲ್ಲು ಚುರುಗುಟ್ಟಲು ಶುರುವಾಗಿತ್ತು. ನಾನು ಚೀಲದಿಂದ ಕಾಲುಚೀಲ ತೆಗೆದು ಹಾಕಿಕೊಂಡೆ.