ಕಂಪ್ಯೂಟರ್ ತಾನಾಗೇ ಆಫ್ ಆಗುತ್ತಿದೆಯೇ? ಕೂಲರ್ ಕೀಳುವ ಮುನ್ನ ಇದನ್ನು ಓದಿ

ಮಾರ್ಚ್ ಮುಗಿದು ದಾವಣಗೆರೆಯ ಬಿಸಿಲು 38 ಡಿಗ್ರಿ ದಾಟುತ್ತಿದ್ದಂತೆ ಡಿಟಿಪಿ ಸೆಂಟರು, ಜೆರಾಕ್ಸ್ ಅಂಗಡಿ, ಟ್ಯಾಲಿ ಹಾಕುವ ಮಂಡಿಗಳಲ್ಲೆಲ್ಲ ಒಂದೇ ದೂರು: “ಕೆಲ್ಸ ಮಾಡ್ತಾ ಮಾಡ್ತಾ ಟಪ್ ಅಂತ ಆಫ್ ಆಗ್ಬಿಡುತ್ರೀ.” ಲಗ್ನಪತ್ರಿಕೆ ಅರ್ಧಕ್ಕೆ ನಿಂತಿರುತ್ತದೆ, ಗಿರಾಕಿ ಎದುರಿಗೇ ಕೂತಿರುತ್ತಾರೆ. ಆಗ ಅಂಗಡಿಯಲ್ಲಿ ಸ್ವಲ್ಪ ಕೈಚಳಕ ಇರುವ ಹುಡುಗ ಸ್ಕ್ರೂಡ್ರೈವರ್ ಹಿಡಿದು ಕ್ಯಾಬಿನೆಟ್ ಬಿಚ್ಚುತ್ತಾನೆ. ಪ್ರೊಸೆಸರನ್ನು ತಂಪಾಗಿಡಲು ಅದರ ಮೇಲೆ ಕೂರಿಸಿದ ಫ್ಯಾನಿನ ಕೂಲರ್ ಕಿತ್ತು, ಧೂಳು ಊದಿ, ಮತ್ತೆ ಒತ್ತಿ ಕೂರಿಸುತ್ತಾನೆ. ಗಂಟೆಗೊಮ್ಮೆ ಆಫ್ ಆಗುತ್ತಿದ್ದ ಯಂತ್ರ ಅಲ್ಲಿಂದ ಐದು ನಿಮಿಷಕ್ಕೊಮ್ಮೆ ಆಫ್ ಆಗತೊಡಗುತ್ತದೆ.

ಕೀಳುವುದು ಯಾರಿಗಾದರೂ ಬರುತ್ತದೆ. ಕೂರಿಸುವುದರಲ್ಲೇ ಹತ್ತರಲ್ಲಿ ಏಳೆಂಟು ಜನ ಎಡವುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಕೂಲರಿಗೆ ಸಿಂಹಪಾಲು. ಆದರೆ ಅದಕ್ಕೆ ಕೈ ಹಾಕುವ ಮುನ್ನ ಮಾಡಬೇಕಾದ ಕೆಲಸಗಳಿವೆ, ಅವಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ.

ಮೊದಲು: ಯಾವಾಗ ಆಫ್ ಆಗುತ್ತದೆ?

ಒಂದೆರಡು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಬಟನ್ ಒತ್ತಿದ ನಾಲ್ಕೈದು ಸೆಕೆಂಡಿನಲ್ಲೇ ಆಫ್ ಆದರೆ ಪವರ್ ಬಟನ್ ಒಳಗೆ ಸಿಕ್ಕಿಕೊಂಡಿರಬಹುದು. ಬಟನ್ ಒತ್ತಿ ಹಿಡಿದರೆ ಯಂತ್ರ ಆಫ್ ಆಗುವುದು ಅಷ್ಟೇ ಹೊತ್ತಿಗೆ. ಮಧ್ಯಾಹ್ನ ಮಾತ್ರ, ಅದೂ ಫೋಟೊಶಾಪ್ ಅಥವಾ ಗೇಮ್ ತೆರೆದಾಗ ಮಾತ್ರ ಆಫ್ ಆದರೆ ಬಿಸಿಯ ಮೇಲೆ ಅನುಮಾನಪಡಿ. ಕರೆಂಟ್ ಮಿಣುಕಿದಾಗ ಅಥವಾ ಪ್ರಿಂಟರ್ ಓಡಿದಾಗ ಆದರೆ ಯುಪಿಎಸ್ ಮೇಲೆ. ಗಡಿಯಾರ ಇಟ್ಟ ಹಾಗೆ ಸರಿಯಾಗಿ ಗಂಟೆಗೊಮ್ಮೆ ಆದರೆ ಬಹುಶಃ ನಿಮಗೆ ಯಾರೋ ವಿಂಡೋಸ್‌ನ ಇವ್ಯಾಲ್ಯುಯೇಷನ್ (ಕೆಲವು ದಿನ ಪರೀಕ್ಷಿಸಿ ನೋಡಲೆಂದು ಕೊಡುವ) ಆವೃತ್ತಿ ಹಾಕಿಕೊಟ್ಟಿದ್ದಾರೆ, ಅದರ ಅವಧಿ ಮುಗಿದಿದೆ. ಅವಧಿ ತೀರಿದ ಮೇಲೆ ಗಂಟೆಗೊಮ್ಮೆ ಆಫ್ ಆಗುವುದು ಆ ಆವೃತ್ತಿಯ ಗುಣ. ಇದಕ್ಕೆ ಎಷ್ಟು ಧೂಳು ಹೊಡೆದರೂ ಪ್ರಯೋಜನವಿಲ್ಲ, ಲೈಸೆನ್ಸ್ ಇರುವ ವಿಂಡೋಸ್ ಹಾಕಿಸಬೇಕು.

ನಂತರ ಕಂಪ್ಯೂಟರನ್ನೇ ಕೇಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇವೆಂಟ್ ವ್ಯೂವರ್’ ತೆರೆಯಿರಿ. ಅದರಲ್ಲಿ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’. ಉದ್ದದ ಪಟ್ಟಿ ನೋಡಿ ಗಾಬರಿಯಾಗಬೇಡಿ, ಕೆಂಪು ಗುರುತುಗಳು ಚೆನ್ನಾಗಿರುವ ಯಂತ್ರದಲ್ಲೂ ಇರುತ್ತವೆ. ‘ಇವೆಂಟ್ ಐಡಿ’ ಎಂಬಲ್ಲಿ ನೀವು ಹುಡುಕಬೇಕಾದ ಸಂಖ್ಯೆ ಮೂರೇ. 1074 ಇದ್ದರೆ ಯಾವುದೋ ಪ್ರೋಗ್ರಾಂ, ಅಪ್‌ಡೇಟ್ ಅಥವಾ ಮನೆಯ ಮಂದಿಯೇ ಆಫ್ ಮಾಡಿದ್ದಾರೆ. 6008 ಮತ್ತು 41 ಇದ್ದರೆ ಯಂತ್ರ ಹೇಳದೆ ಕೇಳದೆ ನಿಂತಿದೆ. 41ರ ವಿವರ ತೆರೆದು ‘ಬಗ್‌ಚೆಕ್ ಕೋಡ್’ ಎಂಬ ಸಾಲು ನೋಡಿ. ಅಲ್ಲಿ ಸೊನ್ನೆ ಇಲ್ಲದೆ ಬೇರೆ ಅಂಕಿ ಇದ್ದರೆ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಬಂದು ಹೋಗಿದೆ, ನಿಮಗೆ ಕಂಡಿಲ್ಲ ಅಷ್ಟೇ. ಅಂಥ ಯಂತ್ರದಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ಗೆ ಹೋಗಿ, ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ನೀಲಿ ಪರದೆ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸೊನ್ನೆ ಇದ್ದರೆ ತೊಂದರೆ ಬಹುಮಟ್ಟಿಗೆ ಕರೆಂಟಿನದು ಇಲ್ಲವೇ ಬಿಸಿಯದು.

“ಒಂದ್ಸಲ ಫಾರ್ಮ್ಯಾಟ್ ಹೊಡ್ದು ನೋಡಣ ಬಿಡ್ರಿ” ಎನ್ನುವವರಿಗೆ ಈ ಸೊನ್ನೆಯನ್ನು ತೋರಿಸಿ. ಪ್ರೊಸೆಸರಿಗೂ ಕೂಲರಿಗೂ ನಡುವೆ ಒಣಗಿದ ಪೇಸ್ಟಾಗಲಿ ಯುಪಿಎಸ್‌ನ ಸತ್ತ ಬ್ಯಾಟರಿಯಾಗಲಿ ಫಾರ್ಮ್ಯಾಟ್‌ನಿಂದ ಸರಿಹೋಗುವುದಿಲ್ಲ. ‘ಪಿಸಿ ಆಪ್ಟಿಮೈಜರ್’, ‘ಡ್ರೈವರ್ ಅಪ್‌ಡೇಟರ್’ ಎಂಬ ಹೆಸರಿನ ತಂತ್ರಾಂಶಗಳನ್ನಂತೂ ಹತ್ತಿರ ಸೇರಿಸಬೇಡಿ.

ಗೋಡೆಯಿಂದ ಶುರು ಮಾಡಿ

ಯುಪಿಎಸ್ ತಪ್ಪಿಸಿ, ಸ್ಪೈಕ್ ಬಸ್ಟರನ್ನೂ ತಪ್ಪಿಸಿ, ಕ್ಯಾಬಿನೆಟ್ಟಿನ ವೈರನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ಒಂದು ದಿನ ಓಡಿಸಿ. ಕ್ಯಾಬಿನೆಟ್ಟಿನ ಹಿಂದೆ ಆ ವೈರು ಸಡಿಲವಾಗಿದೆಯೇ ಎಂದೂ ನೋಡಿ. ಸಮಸ್ಯೆ ಮಾಯವಾದರೆ ನಿಮ್ಮ ಖರ್ಚು ಯುಪಿಎಸ್ ಬ್ಯಾಟರಿಗೆ ಮುಗಿಯಿತು. ನಮ್ಮಲ್ಲಿ ಹೆಚ್ಚಾಗಿ ಇರುವುದು 600 ವಿಎ ಯುಪಿಎಸ್, ಒಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ. ಅದರ ಆಯುಷ್ಯ ಎರಡು–ಮೂರು ವರ್ಷ, ಸೆಕೆಗೆ ಇನ್ನೂ ಕಡಿಮೆ. ಪರೀಕ್ಷೆ ಸುಲಭ: ಯುಪಿಎಸ್‌ಗೆ ಕಂಪ್ಯೂಟರ್ ಬದಲು 60 ವ್ಯಾಟಿನ ಬಲ್ಬ್ ಹಾಕಿ ಮೇನ್ ಆಫ್ ಮಾಡಿ. ಒಂದು ನಿಮಿಷವೂ ಉರಿಯದಿದ್ದರೆ ಬ್ಯಾಟರಿ ಹೋಗಿದೆ. ಯುಪಿಎಸ್ ಪೂರ್ತಿ ಬದಲಿಸಬೇಕೆಂದು ಹೇಳುವವರ ಮಾತು ಕೇಳಬೇಡಿ, ಬ್ಯಾಟರಿಯಷ್ಟೇ ಸಿಗುತ್ತದೆ.

ಡಿಟಿಪಿ ಸೆಂಟರಿನವರಿಗೆ ಒಂದು ಮಾತು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಲೇಬೇಡಿ. ಅದರೊಳಗೆ ಕಾಗದಕ್ಕೆ ಟೋನರ್ ಅಂಟಿಸುವ ಹೀಟರ್ ಇದೆ, ಅದು ಶುರುವಾದಾಗ ಎಳೆಯುವ ಕರೆಂಟನ್ನು 600 ವಿಎ ತಡೆಯುವುದಿಲ್ಲ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಅದರ ಸ್ವಿಚ್ ‘ಯುಪಿಎಸ್’ ಮೋಡ್‌ನಲ್ಲಿದೆಯೇ ನೋಡಿ. ಇನ್ನೊಂದು ಮೋಡ್‌ನಲ್ಲಿ ಬೆಸ್ಕಾಂ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಹೊತ್ತು ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎಂದರೆ ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ.

ಧೂಳು

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟನ್ನು ಹೊರಗೆ ಒಯ್ದು ಬ್ಲೋವರ್ ಹಿಡಿಯಿರಿ. ಫ್ಯಾನ್ ಎಲೆಗಳನ್ನು ಬೆರಳಿನಿಂದ ತಡೆಯಿರಿ, ಗಿರಗಿರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಮಂಡಕ್ಕಿ ಭಟ್ಟಿಗಳ ಆಸುಪಾಸು ಮನೆ ಇದ್ದವರಿಗೆ ಬ್ಲೋವರ್ ಸಾಲದು. ಹೊಗೆಯ ಮಸಿ ಧೂಳಿನ ಜೊತೆ ಸೇರಿ ಕೂಲರಿನ ಸಂದಿಗಳಲ್ಲಿ ಜಿಡ್ಡಾಗಿ ಕೂತಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ಕ್ಯಾಬಿನೆಟ್ಟನ್ನು ಬಾಗಿಲಿರುವ ಟೇಬಲ್ ಖಾನೆಯಲ್ಲಿ ಕೂಡಿಹಾಕಿದ್ದರೆ ಆ ಬಾಗಿಲು ಕಿತ್ತು ಹಾಕಿ.

ಬಿಸಿ ಎಷ್ಟು, ಕೂಲರ್ ಕೂತಿದೆಯೇ?

ಕೂಲರ್ ಕೀಳಬೇಕೋ ಬೇಡವೋ ಎಂಬುದನ್ನು ಅಂಕಿ ನೋಡಿ ತೀರ್ಮಾನಿಸಿ. ಆನ್ ಮಾಡಿದೊಡನೆ ಡಿಲೀಟ್ ಕೀ ಒತ್ತುತ್ತಾ (ಕೆಲವದರಲ್ಲಿ ಎಫ್2) ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ, ಸಿಪಿಯು ಟೆಂಪರೇಚರ್ ತೋರಿಸುವ ಪುಟದಲ್ಲಿ ಸುಮ್ಮನೆ ಕೂತು ನೋಡಿ. 40–60ರ ನಡುವೆ ನಿಂತರೆ ಕೂಲರ್ ಮುಟ್ಟಬೇಡಿ. ಕಣ್ಣೆದುರೇ ಸೆಕೆಂಡಿಗೊಂದರಂತೆ ಏರಿ 90 ತಲುಪಿದರೆ ಕೂಲರಿನ ತಳ ಪ್ರೊಸೆಸರಿಗೆ ಸರಿಯಾಗಿ ತಾಗಿಲ್ಲ ಎಂದೇ ಅರ್ಥ. ವಿಂಡೋಸ್ ಒಳಗೆ ನೋಡಲು ‘ಎಚ್‌ಡಬ್ಲ್ಯೂ ಮಾನಿಟರ್’ ಎಂಬ ತಂತ್ರಾಂಶ ಸಾಕು. ಕೆಲಸದ ಹೊತ್ತಿಗೆ 80ರ ಆಸುಪಾಸು ಬಂದರೆ ತೊಂದರೆಯಿಲ್ಲ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರುಗಳ ಮಿತಿ 100 ಡಿಗ್ರಿ, ಎಎಂಡಿ ರೈಜನ್‌ನ ಹಲವಕ್ಕೆ 95. ಮಿತಿ ಹತ್ತಿರವಾದಾಗ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ನಿಲ್ಲಿಸುತ್ತದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ಡಿಸೆಂಬರಿನಲ್ಲಿ ಹೇಗೋ ಓಡುತ್ತಿದ್ದ ಯಂತ್ರ ಏಪ್ರಿಲ್‌ನಲ್ಲಿ ನಿಲ್ಲುವುದು ಇದೇ ಲೆಕ್ಕದಲ್ಲಿ.

ಕೀಳಲೇಬೇಕೆಂದಾದರೆ ನಿಧಾನ. ಎಎಂಡಿ ಪ್ರೊಸೆಸರಿನ ಎಎಂ4 ಮಾದರಿಯ ಮದರ್‌ಬೋರ್ಡ್ ಇದ್ದವರು ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಎತ್ತಿ. ತಣ್ಣಗಿದ್ದಾಗ ನೇರ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಮೇಲೆ ಬರುತ್ತದೆ, ಕೆಳಗಿನ ಪಿನ್ನುಗಳು ಬಾಗುತ್ತವೆ.

ಇಂಟೆಲ್ ಜೊತೆ ಬರುವ ದುಂಡು ಕೂಲರಿನದೇ ದೊಡ್ಡ ಕಥೆ. ನಾಲ್ಕು ಮೂಲೆಗೆ ನಾಲ್ಕು ಕಪ್ಪು ಪುಶ್ ಪಿನ್, ತಲೆಯ ಮೇಲೆ ಒಂದೊಂದು ಬಾಣದ ಗುರುತು. ಆ ಬಾಣ ತೋರಿಸುವುದು ಬಿಚ್ಚುವ ದಿಕ್ಕನ್ನು. ಬಾಣದ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಎಡವಟ್ಟು ಶುರುವಾಗುವುದು ಇಲ್ಲಿಂದ. ವಾಪಸ್ ಹಾಕುವವರು ಪಿನ್ನನ್ನು ಹಾಗೇ ಒತ್ತಿ, ಆಮೇಲೆ ಸ್ಕ್ರೂ ಬಿಗಿ ಮಾಡಿದಂತೆ ಬಾಣದ ಕಡೆಗೆ ತಿರುಗಿಸುತ್ತಾರೆ. ಬಿಗಿಯಾಯಿತು ಅಂದುಕೊಳ್ಳುತ್ತಾರೆ, ಪಿನ್ ಬಿಚ್ಚಿಕೊಂಡಿರುತ್ತದೆ.

ಸರಿಯಾದ ಕ್ರಮ ಇದು. ಕೂಲರ್ ಇನ್ನೂ ಕೈಯಲ್ಲಿರುವಾಗಲೇ ನಾಲ್ಕೂ ಪಿನ್ನುಗಳನ್ನು ಬಾಣದ ವಿರುದ್ಧ ದಿಕ್ಕಿಗೆ ತಿರುಗಿಸಿ, ಪೂರ್ತಿ ಮೇಲಕ್ಕೆ ಎಳೆದಿಡಿ. ಬಿಳಿ ಕಾಲುಗಳ ತುದಿ ಒಂದಕ್ಕೊಂದು ಕೂಡಿಕೊಂಡಿರಬೇಕು, ನಡುವಿನ ಕಪ್ಪು ಕಡ್ಡಿ ಹೊರಗೆ ಕಾಣಬಾರದು. ಫ್ಯಾನಿನ ವೈರು ಸಿಪಿಯು ಫ್ಯಾನ್ ಎಂದು ಬರೆದ ಜಾಗಕ್ಕೆ ಎಟಕುವ ಹಾಗೆ ಹಿಡಿದು, ನಾಲ್ಕು ಕಾಲುಗಳನ್ನೂ ನಾಲ್ಕು ತೂತುಗಳ ಮೇಲೆ ಕೂರಿಸಿ. ಈಗ ಎದುರುಬದುರು ಮೂಲೆಯ ಎರಡು ಪಿನ್ನುಗಳನ್ನು ಎರಡು ಹೆಬ್ಬೆರಳಿನಿಂದ ಒಟ್ಟಿಗೇ ಒತ್ತಿ. ಟಕ್ ಎನ್ನುವ ಸದ್ದು ಕೇಳಬೇಕು. ಉಳಿದ ಎರಡಕ್ಕೂ ಹಾಗೇ. ಅಕ್ಕಪಕ್ಕದ ಎರಡನ್ನು ಮೊದಲು ಒತ್ತಿದರೆ ಕೂಲರ್ ಒಂದು ಕಡೆ ಎದ್ದು ನಿಲ್ಲುತ್ತದೆ. ಬೋರ್ಡು ತುಸು ಬಾಗುತ್ತದೆ, ಹೆದರಬೇಡಿ. ಒತ್ತಿದ ಮೇಲೆ ತಿರುಗಿಸಬೇಡಿ.

ಸದ್ದು ಕೇಳಿತು ಎಂದು ನಂಬಬೇಡಿ. ಬೋರ್ಡಿನ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿ: ನಾಲ್ಕು ಕಡೆಯೂ ಬಿಳಿ ಕಾಲು ಅಗಲಿಸಿಕೊಂಡಿರಬೇಕು, ನಡುವೆ ಕಪ್ಪು ಕಡ್ಡಿಯ ತುದಿ ಇರಬೇಕು. ಹಿಂಬದಿ ಕಾಣದ ಕ್ಯಾಬಿನೆಟ್ಟಾದರೆ ಬೋರ್ಡನ್ನೇ ಹೊರತೆಗೆಯಿರಿ. ಅದನ್ನು ತಪ್ಪಿಸಲೆಂದೇ ಜನ ಕತ್ತಲಲ್ಲಿ ಒತ್ತುತ್ತಾರೆ, ನಾಲ್ಕರಲ್ಲಿ ಮೂರು ಕೂತು ಒಂದು ತೇಲುತ್ತಿರುತ್ತದೆ. ಹಳೆಯ ಪಿನ್ನಿನ ಪ್ಲಾಸ್ಟಿಕ್ ಕಾಲು ಬಿಸಿಗೆ ಗಡಸಾಗಿ ಮುರಿದಿದ್ದರೆ ದಾರ ಕಟ್ಟುವ, ಕೇಬಲ್ ಟೈ ಬಿಗಿಯುವ ಸಾಹಸ ಬೇಡ. ಪಿನ್ ಸೆಟ್ ಬೇರೆಯಾಗಿಯೇ ಮಾರುತ್ತಾರೆ.

ಕೂರಿಸುವ ಮೊದಲು ಪೇಸ್ಟ್ ಹಚ್ಚಬೇಕಲ್ಲ. ಒಮ್ಮೆ ಎತ್ತಿದ ಕೂಲರನ್ನು ಹಳೆಯ ಪೇಸ್ಟಿನ ಮೇಲೇ ಕೂರಿಸಬಾರದು, ಎಷ್ಟೇ ಹಸಿಯಾಗಿ ಕಂಡರೂ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಎರಡೂ ಕಡೆ ಲೋಹ ಹೊಳೆಯುವವರೆಗೆ ಒರೆಸಿ. ಪೆಟ್ರೋಲ್, ಥಿನ್ನರ್, ಜೆಲ್ ಸ್ಯಾನಿಟೈಸರ್ ಬೇಡ. ಪ್ರೊಸೆಸರ್ ನಡುವೆ ಒಂದು ತೊಗರಿ ಕಾಳಿನಷ್ಟು ಪೇಸ್ಟ್ ಇಟ್ಟು ಬಿಡಿ, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದಿ ತುಂಬುವುದಷ್ಟೇ ಅದರ ಕೆಲಸ, ದಪ್ಪವಾದರೆ ಬಿಸಿ ದಾಟುವುದಕ್ಕೆ ಅದೇ ಅಡ್ಡಿ. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಅನ್ನಲಿಕ್ಕೆ ಇದು ದೋಸೆಯ ಮೇಲಿನ ಬೆಣ್ಣೆಯಲ್ಲ. ಹೆಸರಿಲ್ಲದ ಬಿಳಿ ಪೇಸ್ಟ್ ಕೊಳ್ಳಬೇಡಿ, ಬೇಗ ಒಣಗಿ ಸುಣ್ಣದಂತೆ ಉದುರುತ್ತದೆ. ಟೂತ್‌ಪೇಸ್ಟ್ ಹಚ್ಚಿ ತೋರಿಸುವ ವಿಡಿಯೊಗಳೂ ಇವೆ, ನೋಡಿ ನಕ್ಕು ಬಿಡಿ. ಹೊಸ ಕೂಲರಾದರೆ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿದೆಯೇ ನೋಡಿ ಕಿತ್ತು ಹಾಕಿ. ಬೂದು ಪೇಸ್ಟ್ ಮೊದಲೇ ಹಚ್ಚಿದ್ದರೆ ಮತ್ತೆ ಹಚ್ಚಬೇಡಿ.

ಜೋಡಿಸಿದ ಮೇಲೆ ಮತ್ತೆ ಬಯಾಸ್ ಪುಟ. ಅಂಕಿ ನಿಂತರೆ ಗೆದ್ದಿರಿ.

ಎಸ್‌ಎಂಪಿಎಸ್

ಬಿಸಿಯೂ ಇಲ್ಲ, ಯುಪಿಎಸ್ಸೂ ಸರಿಯಿದೆ, ಆದರೂ ಕೆಲಸದ ಒತ್ತಡ ಬಿದ್ದಾಗ ನಿಲ್ಲುತ್ತದೆ ಎಂದರೆ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ವೋಲ್ಟಿಗೆ ಇಳಿಸಿಕೊಡುವ ಡಬ್ಬಿಯ ಮೇಲೆ. ಮೊದಲು ಅದರಿಂದ ಬೋರ್ಡಿಗೆ ಬರುವ 24 ಪಿನ್ನಿನ ದೊಡ್ಡ ಕನೆಕ್ಟರು ಮತ್ತು ಪ್ರೊಸೆಸರ್ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನದನ್ನು ಒತ್ತಿ ನೋಡಿ. ಅಗ್ಗದ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವವುಗಳ ಮೇಲೆ ‘450’ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದನ್ನು ಬಿಟ್ಟು ಕೆಳಗಿನ ಸಣ್ಣ ಕೋಷ್ಟಕ ಓದಿ. 12 ವೋಲ್ಟಿನ ಕೆಳಗೆ 14 ಆಂಪಿಯರ್ ಎಂದಿದ್ದರೆ ಗುಣಿಸಿ: 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಮುಖ್ಯವಾಗಿ ಅಷ್ಟರಲ್ಲೇ. ಮಗನ ಒತ್ತಾಯಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಆಫ್ ಆಗತೊಡಗಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಇದನ್ನು ನೋಡಿ.

ಮಲ್ಟಿಮೀಟರ್ ಇದ್ದವರು ಯಂತ್ರ ಓಡುತ್ತಿರುವಾಗ ಬಳಸದೆ ಬಿಟ್ಟ ನಾಲ್ಕು ತೂತಿನ ಕನೆಕ್ಟರಿನಲ್ಲಿ ಹಳದಿಗೂ ಕಪ್ಪಿಗೂ ಅಳೆಯಿರಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಹಸಿರು ವೈರಿಗೂ ಕಪ್ಪಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿತು ಎಂದು ಸರ್ಟಿಫಿಕೇಟ್ ಕೊಡುವವರಿದ್ದಾರೆ. ಅದರಿಂದ ಗೊತ್ತಾಗುವುದು ಫ್ಯಾನ್ ತಿರುಗುತ್ತದೆ ಎಂಬುದು ಮಾತ್ರ, ಭಾರ ಹೊರುವ ಶಕ್ತಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಗೆಳೆಯರ ಯಂತ್ರದಿಂದ ಒಳ್ಳೆಯ ಎಸ್‌ಎಂಪಿಎಸ್ ಒಂದು ದಿನಕ್ಕೆ ತಂದು ಹಾಕಿ ನೋಡುವುದೇ ಖಚಿತ ದಾರಿ. ಡಬ್ಬಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಕೊಡುತ್ತದೆ. ಹೊಸದು ಕೊಳ್ಳುವಾಗ ‘80 ಪ್ಲಸ್’ (ಕರೆಂಟ್ ಹೆಚ್ಚು ಪೋಲು ಮಾಡುವುದಿಲ್ಲ ಎಂಬುದರ) ಗುರುತು ಇಲ್ಲದ್ದನ್ನು ತರಬೇಡಿ.

ಉಳಿದದ್ದು

ನೀಲಿ ಪರದೆ ಬರುತ್ತಿದ್ದವರು ರ್‍ಯಾಮ್ ತೆಗೆದು, ಚಿನ್ನದ ಬಣ್ಣದ ಪಟ್ಟಿಗಳನ್ನು ರಬ್ಬರಿನಿಂದ ಉಜ್ಜಿ, ಒಂದೊಂದೇ ಹಾಕಿ ನೋಡಿ. ಪವರ್ ಬಟನ್ ಮೇಲೆ ಅನುಮಾನವಿದ್ದರೆ ಬೋರ್ಡಿನಿಂದ ಅದರ ಪುಟ್ಟ ವೈರು ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ಮುಟ್ಟಿಸಿ ಆನ್ ಮಾಡಿ. ಯಂತ್ರ ನಿಲ್ಲದೆ ಓಡಿದರೆ ಬಟನ್ ಬದಲಿಸಿ, ಅಥವಾ ರೀಸೆಟ್ ಬಟನ್ನಿನ ವೈರನ್ನು ಆ ಜಾಗಕ್ಕೆ ಹಾಕಿಕೊಳ್ಳಿ.

ಕೊನೆಗೆ ಮದರ್‌ಬೋರ್ಡ್. ಪ್ರೊಸೆಸರ್ ಸುತ್ತ ನಿಂತಿರುವ ದುಂಡನೆಯ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ದ್ರವ ಒಸರಿದ್ದರೆ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ. ಹತ್ತು ವರ್ಷ ಹಳೆಯ ಯಂತ್ರಕ್ಕೆ ಹೆಸರಿಲ್ಲದ ಬೋರ್ಡ್ ಹುಡುಕಿ ಹಾಕಿಸುವ ಬದಲು ಆ ದುಡ್ಡನ್ನು ಹೊಸದಕ್ಕೆ ಎತ್ತಿಡಿ. ಹಳೆಯದರಿಂದ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಟ್ಟುಕೊಳ್ಳಿ, ಹೊಸ ಯಂತ್ರದಲ್ಲಿ ಎರಡನೆಯ ಡಿಸ್ಕಾಗಿ ಸಿಕ್ಕಿಸಿದರೆ ಟ್ಯಾಲಿ ಡೇಟಾ, ಫೋಟೊ, ಲಗ್ನಪತ್ರಿಕೆಯ ಫೈಲುಗಳನ್ನು ತೆರೆದುಕೊಳ್ಳಬಹುದು.