ಎಳೆಯ ಕುದುರೆಗೆ ಕಡಿವಾಣ ರೂಢಿಸಿದ ಬಗೆ: ನನ್ನ ಅನುಭವ

ಎಳೆಯ ಕುದುರೆಗೆ ಕಡಿವಾಣ, ಅಂದರೆ ಬಾಯೊಳಗೆ ಅಡ್ಡಲಾಗಿ ಕೂರುವ ಕಬ್ಬಿಣ, ರೂಢಿಸುವ ಮಾತು ಬಂದಾಗಲೆಲ್ಲ ಚರ್ಚೆ ಅದನ್ನು ಬಾಯಿಗೆ ಹಾಕುವುದು ಹೇಗೆ ಎಂಬುದರ ಸುತ್ತಲೇ ತಿರುಗುತ್ತದೆ. ತೆಗೆಯುವುದು ಹೇಗೆ ಎಂದು ಕೇಳುವವರು ಕಡಿಮೆ. 'ತಲೆ ಎತ್ತುತ್ತದೆ, ಬಾಯಿ ಕೊಡುವುದಿಲ್ಲ' ಎಂಬ ದೂರಿನೊಡನೆ ನನ್ನ ಲಾಯಕ್ಕೆ ಬಂದ ಕುದುರೆಗಳಲ್ಲಿ ಹೆಚ್ಚಿನವು ಕಡಿವಾಣಕ್ಕೆ ಹೆದರಿದವಲ್ಲ. ಅವಸರದಲ್ಲಿ ಅದನ್ನು ಎಳೆದು ತೆಗೆಯುವಾಗ ಕಬ್ಬಿಣ ಕೆಳಗಿನ ಬಾಚಿಹಲ್ಲಿಗೆ ಬಡಿದ ನೋವನ್ನು ನೆನಪಿಟ್ಟುಕೊಂಡವು. ಒಮ್ಮೆ ಹಾಗೆ ಬಡಿಸಿಕೊಂಡ ಕುದುರೆ ಮರುದಿನ ತೆಗೆಯುವ ಹೊತ್ತಿಗೆ ತಾನೇ ತಲೆಯನ್ನು ಮೇಲಕ್ಕೆ ಎಸೆಯುತ್ತದೆ, ಆ ಎಸೆತದಲ್ಲಿ ಕಬ್ಬಿಣ ಇನ್ನೂ ಜೋರಾಗಿ ತಗಲುತ್ತದೆ, ಮೂರನೆಯ ದಿನ ಹಾಕುವಾಗಲೇ ಜಗಳ ಶುರುವಾಗುತ್ತದೆ. ಆದ್ದರಿಂದ ಗೌರಿ ಎಂಬ ನನ್ನ ಎಳೆಯ ಕುದುರೆಯ ಪಾಠವನ್ನು ನಾನು ಕೊನೆಯಿಂದ ಯೋಚಿಸಿದೆ: ಕಡಿವಾಣ ಬಾಯಿಯಿಂದ ನೆಮ್ಮದಿಯಾಗಿ ಹೊರಬರಬೇಕಾದರೆ ಅದಕ್ಕೂ ಮೊದಲು ಏನೇನು ಸರಿಯಿರಬೇಕು?

ಗೌರಿ ಮಾರ್ವಾಡಿ ತಳಿಯ ತಾಯಿಗೂ ಥರೋಬ್ರೆಡ್ ಎಂಬ ಓಟದ ತಳಿಯ ತಂದೆಗೂ ಹುಟ್ಟಿದ ಹೆಣ್ಣು. ಮೈಸೂರಿನ ಹೊರವಲಯದಲ್ಲಿರುವ ನನ್ನ ಚಿಕ್ಕ ಲಾಯಕ್ಕೆ ಬಂದಾಗ ಅವಳಿಗೆ ಮೂರು ವರ್ಷ ತುಂಬುತ್ತಿತ್ತು. ಹಾಲ್ಟರ್ (ಬಾಯಿಗೆ ಏನೂ ಹಾಕದೆ ತಲೆಗೆ ಮಾತ್ರ ಕಟ್ಟುವ ಪಟ್ಟಿ) ಹಾಕಿ ನಡೆಸಿದರೆ ಕರೆದ ಕಡೆ ಬರುತ್ತಿದ್ದಳು, ಗೊರಸು ಎತ್ತಿಕೊಡುತ್ತಿದ್ದಳು, ಆದರೆ ಬಾಯಿಯ ಒಳಗೆ ಯಾರ ಕೈಯೂ ಹೋಗಿರಲಿಲ್ಲ. ಜೂಜಿನ ಕುದುರೆಗಳಿಗೆ ಒಂದೂವರೆ ವರ್ಷದ ಆಸುಪಾಸಿನಲ್ಲೇ ಕಡಿವಾಣದ ಪರಿಚಯವಾಗುತ್ತದೆ, ಏಕೆಂದರೆ ಅವು ಎರಡು ವರ್ಷಕ್ಕೆ ಓಡಬೇಕು. ನನಗೆ ಅಂಥ ಅವಸರವಿರಲಿಲ್ಲ. ಬರೀ ಹೊಲದ ದಾರಿಯಲ್ಲಿ ಸವಾರಿ ಮಾಡುವುದಿದ್ದರೆ ಕಡಿವಾಣವಿಲ್ಲದ ಬ್ರೈಡಲ್ (ಲಗಾಮು ಕಟ್ಟುವ ತಲೆಯ ಪಟ್ಟಿಗಳು) ಕೂಡ ಸಾಕಾಗುತ್ತಿತ್ತೇನೋ. ಆದರೆ ಅವಳನ್ನು ಡ್ರೆಸ್ಸಾಜ್‌ಗೆ, ಅಂದರೆ ಸವಾರನ ಸೂಚನೆಯಂತೆ ಕುದುರೆ ನಿಖರವಾಗಿ ಹೆಜ್ಜೆ ಹಾಕುವ ಸ್ಪರ್ಧೆಗೆ, ತಯಾರು ಮಾಡುವ ಯೋಚನೆಯಿತ್ತು, ಆ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮಗಳು ಕಡಿವಾಣವನ್ನು ಕಡ್ಡಾಯ ಮಾಡಿವೆ.

ಮೊದಲು ಪಶುವೈದ್ಯರನ್ನು ಕರೆಸಿದೆ. ಕುದುರೆಯ ಬಾಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಜಾಗವಿದೆ, ಕಡಿವಾಣ ಕೂರುವುದು ಅಲ್ಲಿಯೇ. ಜಾಗ ಖಾಲಿಯಿದೆ ಎಂದ ಮಾತ್ರಕ್ಕೆ ಅದು ಗಟ್ಟಿಯಾದ ಜಾಗವಲ್ಲ. ಮೂಳೆಯ ಅಂಚಿನ ಮೇಲೆ ತೆಳುವಾದ ಒಸಡು ಮಾತ್ರ ಇರುತ್ತದೆ. ಜೊತೆಗೆ ಹಲವು ಕುದುರೆಗಳಿಗೆ ಮೇಲಿನ ಮೊದಲ ದವಡೆಹಲ್ಲಿನ ಮುಂದೆ ಬಟಾಣಿಯಷ್ಟು ಗಾತ್ರದ, ಯಾವ ಉಪಯೋಗಕ್ಕೂ ಬಾರದ ಒಂದು ಹಲ್ಲು ಇರುತ್ತದೆ. ವುಲ್ಫ್ ಟೂತ್ ಎನ್ನುತ್ತಾರೆ. ಕೆಲವಕ್ಕೆ ಅದು ಹುಟ್ಟುವುದೇ ಇಲ್ಲ, ಕೆಲವಕ್ಕೆ ಒಸಡಿನ ಕೆಳಗೆ ಅಡಗಿ ಕುಳಿತು ಕಡಿವಾಣ ತಗುಲಿದಾಗಲೆಲ್ಲ ನೋಯಿಸುತ್ತದೆ. ಗೌರಿಗೆ ಎರಡೂ ಕಡೆ ಇದ್ದವು. ಮಂಪರಿನ ಇಂಜೆಕ್ಷನ್ ಕೊಟ್ಟು, ಒಸಡು ಮರಗಟ್ಟಿಸಿ ಎರಡನ್ನೂ ಕಿತ್ತರು. ಧನುರ್ವಾಯುವಿಗೆ ಕುದುರೆಗಳಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲವಾದ್ದರಿಂದ ಅದರ ಲಸಿಕೆ ಹಾಕಿದ್ದು ಖಚಿತವಾದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿದ್ದು.

ಅದೇ ಪರೀಕ್ಷೆಯಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ಎರಡೂವರೆ ವರ್ಷದಿಂದ ನಾಲ್ಕು ವರ್ಷದವರೆಗೆ ಕುದುರೆಯ ಮುಂಭಾಗದ ದವಡೆಹಲ್ಲುಗಳ ಹಾಲುಹಲ್ಲುಗಳು ಒಂದಾದ ಮೇಲೊಂದರಂತೆ ಟೊಪ್ಪಿಗೆ ಕಳಚಿದ ಹಾಗೆ ಬೀಳುತ್ತವೆ, ಕೆಳಗಿನಿಂದ ಹೊಸ ಹಲ್ಲು ಮೇಲೇರುತ್ತದೆ. ಅಂದರೆ ನಾವು ಸವಾರಿಗೆ ಪಳಗಿಸಲು ಆರಿಸಿಕೊಳ್ಳುವ ವಯಸ್ಸೂ ಬಾಯಿ ಅತಿ ಹೆಚ್ಚು ನೋಯುವ ವಯಸ್ಸೂ ಒಂದೇ. ಗೌರಿಗೆ ಆಗ ಬಲಗಡೆಯ ಒಂದು ಹಾಲುಹಲ್ಲು ಅಲುಗಾಡುತ್ತಿತ್ತು. ಅದು ಬಿದ್ದು, ಕಿತ್ತ ಜಾಗವೂ ಮಾಯುವವರೆಗೆ ಲೋಹದ ಯಾವ ವಸ್ತುವನ್ನೂ ಅವಳ ಬಾಯಿಯ ಹತ್ತಿರ ತರಲಿಲ್ಲ.

ಆ ಅವಧಿಯನ್ನು ಕಡಿವಾಣ ಆರಿಸುವುದಕ್ಕೆ ಬಳಸಿಕೊಂಡೆ. ನಯವಾದ ಮರದ ಕೋಲೊಂದನ್ನು ಅವಳ ಬಾಯಲ್ಲಿ ಅಡ್ಡಲಾಗಿ ಇಟ್ಟು ಎರಡೂ ತುಟಿಯ ಮೂಲೆಗಳಲ್ಲಿ ಗುರುತು ಮಾಡಿದಾಗ 11.5 ಸೆಂಟಿಮೀಟರ್ ಬಂತು. ಪ್ರತಿ ಬದಿಗೆ ಅರ್ಧ ಸೆಂಟಿಮೀಟರ್ ಬಿಟ್ಟರೆ 12.5 ಸೆಂಟಿಮೀಟರ್, ಅಂದರೆ ಅಂಗಡಿಯವರು ಐದು ಇಂಚು ಎನ್ನುವ ಅಳತೆ. ಅದಕ್ಕಿಂತ ಚಿಕ್ಕದಾದರೆ ತುಟಿಯನ್ನು ಹಿಂಡುತ್ತದೆ, ದೊಡ್ಡದಾದರೆ ಆ ಕಡೆ ಈ ಕಡೆ ಜಾರುತ್ತದೆ. ದಪ್ಪ ಕಡಿವಾಣ ಮೃದು, ತೆಳುವಾದದ್ದು ಕ್ರೂರ ಎಂಬ ಮಾತು ನಮ್ಮಲ್ಲಿ ಬಹಳ ಪ್ರಚಲಿತ. ಅದು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ. ತೀರ ತೆಳುವಾದದ್ದು ಕೊರೆಯುತ್ತದೆ, ಸರಿ. ಆದರೆ ಕುದುರೆಯ ನಾಲಿಗೆ ಬಾಯಿಯನ್ನೆಲ್ಲ ತುಂಬಿಕೊಂಡಿರುತ್ತದೆ, ನಾಲಿಗೆಗೂ ಅಂಗುಳಕ್ಕೂ ನಡುವೆ ಉಳಿಯುವ ಜಾಗ ಬಹಳ ಕಡಿಮೆ, ಅಲ್ಲಿಗೆ ಹೆಬ್ಬೆರಳಿಗಿಂತ ದಪ್ಪದ ಕಬ್ಬಿಣ ತುರುಕಿದರೆ ಅದು ಬಾಯಿ ಮುಚ್ಚುವುದೆಲ್ಲಿ? ಗೌರಿಗೆ ನಾನು ತೆಗೆದುಕೊಂಡದ್ದು 16 ಮಿಲಿಮೀಟರ್ ದಪ್ಪದ, ನಡುವೆ ಎರಡು ಕೀಲಿರುವ, ಮೊಟ್ಟೆಯಾಕಾರದ ಸ್ಥಿರ ಬಳೆಗಳ ಸ್ನಾಫಲ್, ಅಂದರೆ ಲಗಾಮನ್ನು ನೇರವಾಗಿ ಬಳೆಗೇ ಕಟ್ಟುವ ಸರಳ ಕಡಿವಾಣ. ಬಳೆ ಸಡಿಲವಾಗಿ ತಿರುಗುವ ಬಗೆಯಲ್ಲಿ ತುಟಿಯ ಚರ್ಮ ಸಂದಿಗೆ ಸಿಕ್ಕಿಕೊಳ್ಳಬಹುದು. ಹೊಸದಾಗಿ ಕಲಿಯುವ ಬಾಯಿಗೆ ಅದು ಬೇಡವೆನ್ನಿಸಿತು.

ನಮ್ಮ ಅಂಗಡಿಗಳಲ್ಲಿ ಸಿಗುವ ಕುದುರೆ ಸಾಮಾನಿನಲ್ಲಿ ಬಹುಪಾಲು ಕಾನ್ಪುರದ್ದು. ಒಳ್ಳೆಯ ಮಾಲೂ ಬರುತ್ತದೆ, ಹೊಳಪಿನ ಲೋಹಲೇಪ ಬಳಿದ ಕಳಪೆ ಮಾಲೂ ಬರುತ್ತದೆ, ಕಣ್ಣಿಗೆ ಎರಡೂ ಒಂದೇ ರೀತಿ ಹೊಳೆಯುತ್ತವೆ. ನಾನು ಹತ್ತಿಯ ಉಂಡೆಯೊಂದನ್ನು ಕಡಿವಾಣದ ಉದ್ದಕ್ಕೂ, ವಿಶೇಷವಾಗಿ ಕೀಲುಗಳ ಸುತ್ತ, ಒತ್ತಿ ಉಜ್ಜುತ್ತೇನೆ. ಎಲ್ಲಿಯಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಬೆರಳಿಗೆ ಸಿಗದ ಮುಳ್ಳಿದೆ ಎಂದರ್ಥ, ಆ ತುಂಡು ವಾಪಸ್. ಬೇಕೆಂದೇ ಮುಳ್ಳು ಕೂರಿಸಿದ ಕಡಿವಾಣಗಳ ವಿಚಾರ ಬೇರೆ: 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆ ನಿಯಮಗಳು ಅವುಗಳ ಬಳಕೆಯನ್ನು ನಿಷೇಧಿಸಿವೆ. ಆದರೂ ಮದುವೆ ಮೆರವಣಿಗೆಯ ಕುದುರೆಗಳ ಬಾಯಲ್ಲಿ ಇಂದಿಗೂ ಕಾಣಸಿಗುತ್ತವೆ, ವರನ ಕಡೆಯವರಿಗೆ ಅದು ಗೊತ್ತಿರುವುದೂ ಇಲ್ಲ.

ಒಸಡು ಮಾಯ್ದ ಮೇಲೆ ಬೆರಳಿನ ಪಾಠ ಆರಂಭವಾಯಿತು. ಎಡಗಡೆ ಭುಜದ ಪಕ್ಕ ನಿಂತು, ಬಲಗೈಯನ್ನು ಅವಳ ಕಿವಿಗಳ ಹಿಂದೆ ನೆತ್ತಿಯ ಮೇಲೆ ಹಗುರವಾಗಿ ಇಟ್ಟು, ಅವಳು ತಲೆಯನ್ನು ಒಂದಿಷ್ಟು ತಗ್ಗಿಸಿದ ಕ್ಷಣವೇ ಕೈ ತೆಗೆಯುತ್ತಿದ್ದೆ. ತಲೆ ತಗ್ಗಿಸುವುದು ಅಭ್ಯಾಸವಾದ ಬಳಿಕ ಎಡಗೈಯ ಹೆಬ್ಬೆರಳನ್ನು ತುಟಿಯ ಮೂಲೆಯಿಂದ ಹಲ್ಲಿಲ್ಲದ ಜಾಗಕ್ಕೆ ಜಾರಿಸುತ್ತಿದ್ದೆ. ಅಲ್ಲಿ ಬೆರಳು ತಾಗಿದರೆ ಕುದುರೆ ತಾನಾಗಿ ಬಾಯಿ ತೆರೆಯುತ್ತದೆ, ತೆರೆದೊಡನೆ ಬೆರಳು ಹೊರಗೆ. ಮಾರ್ವಾಡಿಯ ಒಳಕ್ಕೆ ಬಾಗಿದ ಕಿವಿಗಳನ್ನು ಗೌರಿ ತಾಯಿಯಿಂದ ಪಡೆದಿದ್ದಳು, ಅವುಗಳನ್ನು ಮಡಿಸಿ ಪಟ್ಟಿಯೊಳಗೆ ತೂರಿಸುವುದು ಅವಳಿಗೆ ಇಷ್ಟವಿರಲಿಲ್ಲ. ಹೀಗಾಗಿ ಬ್ರೈಡಲ್‌ನ ಕೆನ್ನೆಪಟ್ಟಿಯ ಬಕಲ್ ಬಿಚ್ಚಿ, ತಲೆಪಟ್ಟಿಯನ್ನು ಕಿವಿಯ ಹಿಂದೆ ಮೊದಲೇ ಇಟ್ಟು, ಕೊನೆಗೆ ಬಕಲ್ ಹಾಕುವ ಪದ್ಧತಿ ಮಾಡಿಕೊಂಡೆ. ಬಹಳಷ್ಟು ಕುದುರೆಗಳು 'ಬಾಯಿ ಕೊಡದಿರುವುದು' ನಿಜವಾಗಿ ಕಿವಿ ಕೊಡದಿರುವುದೇ.

ಲೋಹಕ್ಕೂ ಮೊದಲು ಬೆರಳು ಗಾತ್ರದ, ಮೆತ್ತಗಿನ, ತೊಳೆದ ಹತ್ತಿಹಗ್ಗವನ್ನು ಬಾಯೊಳಗೆ ಹಾಕಿ ತೆಗೆಯುವುದನ್ನು ರೂಢಿಸಿದೆ. ತೆಗೆಯುವ ಪಾಠ ನಿಜವಾಗಿ ನಡೆದದ್ದು ಈ ಹಗ್ಗದಲ್ಲಿ. ಬೆಂಗಳೂರಿನ ರೇಸ್ ಲಾಯಗಳಲ್ಲಿ ದುಡಿದು ಬಂದ ನಮ್ಮ ಹಿರಿಯ ಸೈಸ್ (ಕುದುರೆ ನೋಡಿಕೊಳ್ಳುವವರು) ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, "ಸಾರ್, ನೀವು ತೆಗೀಬೇಡಿ, ಅವಳೇ ಉಗುಳಲಿ ಬಿಡಿ" ಎಂದರು. ಅದೇ ಸರಿಯಾದ ಸೂತ್ರ. ಎರಡೂ ತುದಿಗಳನ್ನು ಕಿವಿಯ ಎತ್ತರದಲ್ಲಿ ಸಡಿಲವಾಗಿ ಹಿಡಿದು ಕಾಯುವುದು. ನಾಲಿಗೆ ಒಂದೆರಡು ಸಲ ಹೊರಳಿ, ದವಡೆ ತೆರೆದು, ಹಗ್ಗವನ್ನು ಅವಳೇ ಹೊರದಬ್ಬಿದಾಗ ಅದರ ಜೊತೆ ಕೈಯನ್ನು ಕೆಳಗೆ ಇಳಿಸುವುದು. ಮುಂದಕ್ಕೆ ಎಳೆಯುವುದೇ ಇಲ್ಲ. ಹಗ್ಗ ಹಲ್ಲಿಗೆ ತಗುಲಿದರೂ ನೋಯುವುದಿಲ್ಲವಾದ್ದರಿಂದ ಕಾಯುವ ಅಭ್ಯಾಸ ಇಬ್ಬರಿಗೂ ನಿರಾತಂಕವಾಗಿ ಕೂಡಿಬಂತು.

ಕಡಿವಾಣ ಬಂದಾಗ ಅವಳಿಗೆ ಹೊಸತಾಗಿದ್ದದ್ದು ತೂಕ ಮತ್ತು ತಣುಪು ಎರಡೇ. ಮಾಗಿಯ ಬೆಳಗ್ಗೆ ಲಾಯದ ಗೂಟಕ್ಕೆ ನೇತುಹಾಕಿದ ಉಕ್ಕನ್ನು ನಾಲಿಗೆಯ ಮೇಲಿಟ್ಟುಕೊಳ್ಳಲು ನಾವಾದರೂ ಒಪ್ಪುವುದಿಲ್ಲ. ಅದನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಅಂಗೈಯಲ್ಲಿ ಹಿಡಿದು ನೋಡಿ, ಆಮೇಲೆ ಹಾಕುತ್ತಿದ್ದೆ; ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಕಬ್ಬಿಣಕ್ಕೂ ಇದೇ ಎಚ್ಚರಿಕೆ ಬೇಕು. ಬೆಲ್ಲದ ಪಾಕ ಸವರುವ ರೂಢಿ ನಮ್ಮ ಕಡೆ ಇದೆ. ನಾನು ಆರಂಭದಲ್ಲಿ ಮಾತ್ರ ಸವರಿದೆ, ಆಮೇಲೆ ನಿಲ್ಲಿಸಿದೆ, ಏಕೆಂದರೆ ಸಿಹಿಯ ಆಸೆಗೆ ಬಾಯಿ ತೆರೆಯುವ ಕುದುರೆಗೆ ಒಳಗೆ ನೋವಿದೆಯೇ ಇಲ್ಲವೇ ಎಂಬುದು ನನಗೆ ಗೊತ್ತಾಗುವುದಿಲ್ಲ.

ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂಬುದಕ್ಕೆ ತುಟಿಯ ಮೂಲೆಯಲ್ಲಿ ಎರಡು ಸುಕ್ಕು ಬೀಳಬೇಕೆಂಬ ಹಳೆಯ ಲೆಕ್ಕವಿದೆ. ತುಟಿಯ ಮಾಂಸ ಒಂದೊಂದು ಕುದುರೆಗೆ ಒಂದೊಂದು ಬಗೆ. ಗೌರಿಯ ತೆಳುತುಟಿಗೆ ಎರಡು ಸುಕ್ಕು ಎಂದರೆ ದಿನವಿಡೀ ನಗಿಸಿದ ಹಾಗೆ. ತುಟಿ ಬಿಡಿಸಿ ಒಳಗೆ ನೋಡಿ, ಕಡಿವಾಣ ದವಡೆಹಲ್ಲಿಗೆ ತಾಗದೆಯೂ ಬಾಚಿಹಲ್ಲಿನತ್ತ ಜೋತುಬೀಳದೆಯೂ ಇರುವಂತೆ ಹೊಂದಿಸಿದೆ, ಹೊರಗೆ ಒಂದು ಸಣ್ಣ ಸುಕ್ಕು ಕಂಡಿತು. ತೀರ ಕೆಳಗೆ ಬಿಟ್ಟರೆ ನಾಲಿಗೆಯನ್ನು ಕಡಿವಾಣದ ಮೇಲಕ್ಕೆ ತೆಗೆಯುವ ಚಟ ಅಂಟುತ್ತದೆ, ಅದನ್ನು ಬಿಡಿಸುವುದು ಬಹಳ ಕಷ್ಟ.

ಲಗಾಮಿಲ್ಲದೆ, ಮೂಗುಪಟ್ಟಿಯಿಲ್ಲದೆ, ಹಾಲ್ಟರ್‌ನ ಮೇಲೆ ಬರೀ ಕಡಿವಾಣ ಹಾಕಿ ನನ್ನ ಕಣ್ಣೆದುರೇ ಸ್ವಲ್ಪ ಹೊತ್ತು ಲಾಯದಲ್ಲಿ ಬಿಡುತ್ತಿದ್ದೆ. ಕಡಿವಾಣದ ಬಳೆಗೆ ಹಗ್ಗ ಕಟ್ಟಿ ಕುದುರೆಯನ್ನು ಗೂಟಕ್ಕೆ ನಿಲ್ಲಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಬೆದರಿ ಹಿಂದೆ ಜಗ್ಗಿದರೆ ದವಡೆಯೇ ಮುರಿಯಬಹುದು. ಆಡಿಕೊಳ್ಳಲಿ ಎಂದು ನಡುವೆ ಬೀಗದ ಕೈಯಂಥ ತುಂಡುಗಳನ್ನು ಜೋತುಬಿಟ್ಟ ಕಡಿವಾಣ ಹಾಕಿ ಗಂಟೆಗಟ್ಟಲೆ ಬಿಡುವ ಪದ್ಧತಿಯೂ ಇದೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಸದಾ ಕಡಿಯುತ್ತಾ ಇರುವ ಬಾಯಿ ಕೇಳುವ ಬಾಯಲ್ಲ. ಅದರ ಬದಲು ಎಳೆಯ ಕುದುರೆಮಸಾಲೆ ಸೊಪ್ಪನ್ನು ಒಂದೊಂದೇ ಎಸಳು ಕೊಟ್ಟೆ: ಅಗಿದು ನುಂಗಲು ಬರುತ್ತದೆ ಎಂದು ಅವಳಿಗೆ ತಿಳಿದಾಗ ನಾಲಿಗೆ ಕಡಿವಾಣದ ಕೆಳಗೆ ಸುಮ್ಮನೆ ಮಲಗಿತು. ತುಟಿಯಂಚು ತೇವವಾಗಿರುವುದು ಒಳ್ಳೆಯ ಲಕ್ಷಣ. ಎದೆಯವರೆಗೆ ನೊರೆ ಸುರಿಯುತ್ತಿದ್ದರೆ ಅದು ಒಪ್ಪಿಗೆಯಲ್ಲ, ನುಂಗಲಾಗುತ್ತಿಲ್ಲ ಎಂಬುದರ ಸೂಚನೆಯೂ ಆಗಿರಬಹುದು. ಬಾಯಿ ಅಗಲಿಸುವುದು, ನಾಲಿಗೆ ಹೊರಚಾಚುವುದು, ಹಲ್ಲು ಮಸೆಯುವುದು ಕಂಡಾಗ ಮೂಗುಪಟ್ಟಿ ಬಿಗಿದು ಬಾಯಿ ಮುಚ್ಚಿಸುವವರಿದ್ದಾರೆ. ಹಾಗೆ ಮಾಡಿದರೆ ದೂರು ನಿಲ್ಲುತ್ತದೆ, ನೋವು ನಿಲ್ಲುವುದಿಲ್ಲ. ಮುಂದೆ ಮೂಗುಪಟ್ಟಿ ಹಾಕಿದಾಗಲೂ ಮೂಗಿನ ಮೂಳೆಯ ಮೇಲೆ ಎರಡು ಬೆರಳು ಆರಾಮವಾಗಿ ತೂರುವಷ್ಟು ಸಡಿಲ ಬಿಟ್ಟೆ.

ಲಗಾಮಿನ ಪಾಠ ನಿಂತಲ್ಲೇ ಆಯಿತು. ಒಂದು ಕಡೆಯ ಬಳೆಯನ್ನು ಎರಡು ಬೆರಳಿನಿಂದ ತುಸುವೇ ಮೇಲಕ್ಕೆ ತೆಗೆದುಕೊಂಡು ಹಾಗೇ ಹಿಡಿದಿರುವುದು. ಅವಳು ದವಡೆ ಸಡಿಲಿಸಿ ಆ ಕಡೆ ಮೂತಿ ತಿರುಗಿಸಿದ ಕ್ಷಣ ಬಿಡುವುದು. ಬಿಡುವುದು ಅರೆಗಳಿಗೆ ತಡವಾದರೂ ಪಾಠ ಅಷ್ಟೇ ಮಸುಕಾಗುತ್ತದೆ. ವೃತ್ತದಲ್ಲಿ ಓಡಿಸುವಾಗ ಉದ್ದ ಹಗ್ಗವನ್ನು ಹಾಲ್ಟರ್‌ಗೇ ಕಟ್ಟಿದೆ. ಹಿಂದಿನಿಂದ ಎರಡು ಉದ್ದ ಲಗಾಮು ಹಿಡಿದು ಹೊಲದ ದಾರಿಯಲ್ಲಿ ನಡೆಸಿದೆ. ಸವಾರಿ ಆರಂಭವಾದಾಗ ಒಂದು ಜೊತೆ ಲಗಾಮು ಹಾಲ್ಟರ್‌ಗೆ, ಇನ್ನೊಂದು ಜೊತೆ ಕಡಿವಾಣಕ್ಕೆ: ಮೊದಲು ಹಾಲ್ಟರ್‌ನಿಂದ ಕೇಳಿ, ಅದರ ಬೆನ್ನಿಗೆ ಕಡಿವಾಣದ ಸಣ್ಣ ಸ್ಪರ್ಶ, ಕ್ರಮೇಣ ಹಾಲ್ಟರ್‌ನ ಮಾತು ಕಡಿಮೆಯಾಗಿ ಕಡಿವಾಣದ್ದು ಉಳಿಯಿತು.

ನಾಲ್ಕು ವರ್ಷ ಸಮೀಪಿಸಿದಾಗ ಗೌರಿ ಇದ್ದಕ್ಕಿದ್ದಂತೆ ಎಡಕ್ಕೆ ತಿರುಗುವಾಗ ತಲೆ ಓರೆ ಮಾಡತೊಡಗಿದಳು. ಕಡಿವಾಣ ಬದಲಿಸುವ ಸಲಹೆಗಳು ಬಂದವು. ಪಶುವೈದ್ಯರು ಬಾಯಿ ತೆರೆಸಿ ನೋಡಿದಾಗ ಎಡದವಡೆಯ ಕೊನೆಯ ಹಾಲುಹಲ್ಲು ಅರ್ಧ ಕಳಚಿ, ಅದರ ಮೊನೆ ಕೆನ್ನೆಗೆ ಒತ್ತುತ್ತಿತ್ತು. ಅದನ್ನು ತೆಗೆಸಿ, ಒಸಡಿನ ಊತ ಇಳಿಯುವವರೆಗೆ ಹಾಲ್ಟರ್ ಮೇಲೆಯೇ ಸವಾರಿ ಮಾಡಿ, ಅದೇ ಕಡಿವಾಣವನ್ನು ಮತ್ತೆ ಹಾಕಿದಾಗ ಓರೆ ಇರಲಿಲ್ಲ. ಐದು ವರ್ಷದ ಹೊತ್ತಿಗೆ ಹಲ್ಲುಗಳ ಬದಲಾವಣೆ ಮುಗಿಯುತ್ತದೆ. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಾಯಿ ತೋರಿಸುವ ಪಟ್ಟಿಯಲ್ಲಿ ಅವಳ ಹೆಸರನ್ನು ಬರೆದಿಟ್ಟಿದ್ದೇನೆ.