ಕೋಲಾರಕ್ಕೆ 08152, ತುಮಕೂರಿಗೆ 0816: ದೂರವಾಣಿ ಸಂಖ್ಯೆಗಳನ್ನು ಹಂಚುವುದು ಹೇಗೆ?

ಶಿಡ್ಲಘಟ್ಟದ ಹಳೆಯ ಅಂಗಡಿಗಳ ನಾಮಫಲಕಗಳಲ್ಲಿ 08158 ಎಂದೂ ಚಿಂತಾಮಣಿಯಲ್ಲಿ 08154 ಎಂದೂ ಶ್ರೀನಿವಾಸಪುರದಲ್ಲಿ 08157 ಎಂದೂ ಬರೆದಿರುತ್ತದೆ. ಇವು ಚೀಟಿ ಎತ್ತಿ ಹಂಚಿದ ಅಂಕಿಗಳಲ್ಲ. ಒಂದೊಂದು ಅಂಕಿಗೂ ಕಾರಣವಿದೆ, ಮತ್ತು ಆ ಕಾರಣಗಳನ್ನು ಎಡದಿಂದ ಬಲಕ್ಕೆ ಓದುತ್ತಾ ಹೋದರೆ ಇಡೀ ದೇಶದ ಸಂಖ್ಯಾ ಯೋಜನೆಯೇ ಅರ್ಥವಾಗುತ್ತದೆ.

ಮೊದಲು ನಿರ್ಧರಿಸಬೇಕಾದದ್ದು ಸಂಖ್ಯೆಯ ಒಟ್ಟು ಉದ್ದ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮದಂತೆ ದೇಶದ ಸಂಕೇತವೂ ಸೇರಿ 15 ಅಂಕಿಗಳನ್ನು ಮೀರುವಂತಿಲ್ಲ. ಭಾರತದ ಸಂಕೇತ 91, ಅದರ ಮುಂದೆ 10 ಅಂಕಿ. ಆರಂಭದ ಸೊನ್ನೆ ಈ ಹತ್ತರಲ್ಲಿ ಸೇರುವುದಿಲ್ಲ. ಅದು 'ಕರೆ ಊರಿನಿಂದ ಹೊರಗೆ ಹೋಗಬೇಕು' ಎಂದು ಕರೆಗಳನ್ನು ಜೋಡಿಸುವ ವಿನಿಮಯ ಕೇಂದ್ರಕ್ಕೆ (ಎಕ್ಸ್‌ಚೇಂಜ್‌ಗೆ) ಕೊಡುವ ಸೂಚನೆ ಮಾತ್ರ.

ಮುಂದಿನ ಹೆಜ್ಜೆಯಲ್ಲಿ ಆ ಹತ್ತು ಅಂಕಿಗಳನ್ನು ಊರಿನ ಸಂಕೇತಕ್ಕೂ ಚಂದಾದಾರರ ಸಂಖ್ಯೆಗೂ ಪಾಲು ಮಾಡಬೇಕು. ಬೆಂಗಳೂರಿಗೆ 80, ಉಳಿದ 8 ಅಂಕಿ ಚಂದಾದಾರರಿಗೆ. ತುಮಕೂರಿಗೆ 816, ಉಳಿದದ್ದು 7. ಕೋಲಾರಕ್ಕೆ 8152, ಉಳಿದದ್ದು 6. ಫೋನುಗಳು ಹೆಚ್ಚಿರುವ ಊರಿಗೆ ಚಿಕ್ಕ ಸಂಕೇತ ಎಂಬುದು ಇಲ್ಲಿನ ಸೂತ್ರ. ಸ್ಥಳೀಯ ಸಂಖ್ಯೆ 0 ಅಥವಾ 1ರಿಂದ ಆರಂಭವಾಗುವಂತಿಲ್ಲ, ಏಕೆಂದರೆ 1 ಎಂಬುದು 112, 108ರಂತಹ ಸೇವೆಗಳಿಗೆ ಮೀಸಲು. ಹಾಗಾಗಿ ಕೋಲಾರಕ್ಕೆ ಸಿಗುವುದು ಕಾಗದದ ಲೆಕ್ಕದಲ್ಲಿ ಹೆಚ್ಚೆಂದರೆ 8 ಲಕ್ಷ ಸಂಖ್ಯೆಗಳು, ತುಮಕೂರಿಗೆ 80 ಲಕ್ಷ, ಬೆಂಗಳೂರಿಗೆ 8 ಕೋಟಿ.

ಇನ್ನು ಇಡೀ ಯೋಜನೆಯ ಜೀವಾಳವಾದ ನಿಯಮಕ್ಕೆ ಬರೋಣ: ಒಂದು ಸಂಕೇತ ಮತ್ತೊಂದರ ತಲೆಭಾಗವಾಗಿರಬಾರದು. ವಿನಿಮಯ ಕೇಂದ್ರ ಅಂಕಿಗಳನ್ನು ಒತ್ತಿದ ಕ್ರಮದಲ್ಲೇ ಓದುತ್ತದೆ. 816 ಎಂದು ಓದಿದ ಕೂಡಲೇ ಕರೆ ತುಮಕೂರಿಗೆ ಎಂಬುದು ಖಚಿತವಾಗಬೇಕಾದರೆ 8160ರಿಂದ 8169ರವರೆಗಿನ ಯಾವುದನ್ನೂ ಬೇರೆ ಊರಿಗೆ ಕೊಡುವಂತಿಲ್ಲ. ಆದ್ದರಿಂದಲೇ ಜಿಲ್ಲೆಯ ಉಳಿದ ಒಂಬತ್ತು ತಾಲ್ಲೂಕುಗಳು 813ರ ಕೆಳಗೆ ಹೋದವು: ಗುಬ್ಬಿ 8131, ಕುಣಿಗಲ್ 8132, ತಿಪಟೂರು 8134, ಶಿರಾ 8135, ಹೀಗೆ ತುರುವೇಕೆರೆಯ 8139ರವರೆಗೆ.

ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 815 ಅನ್ನು ಯಾವ ಊರಿಗೂ ಇಡಿಯಾಗಿ ಕೊಡದೆ ಹತ್ತು ಹೋಳು ಮಾಡಲಾಯಿತು. ಬಾಗೇಪಲ್ಲಿಯ 8150ರಿಂದ ಮುಳಬಾಗಿಲಿನ 8159ರವರೆಗೆ ಹತ್ತೂ ಸ್ಥಾನಗಳು ಭರ್ತಿ. ತಾಲ್ಲೂಕುಗಳಿದ್ದದ್ದು ಮಾತ್ರ ಹನ್ನೊಂದು! ಗುಡಿಬಂಡೆ ಚಿಕ್ಕಬಳ್ಳಾಪುರದ 8156ರಲ್ಲೇ ಹೊಂದಿಕೊಳ್ಳಬೇಕಾಯಿತು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಒಂದು ಅಂಕಿಯೂ ಕದಲಲಿಲ್ಲ. ಮುಂದೆ ತಾಲ್ಲೂಕಾದ ಕೆಜಿಎಫ್ ಕೂಡ ಬಂಗಾರಪೇಟೆಯ ಜೊತೆ 8153ರಲ್ಲೇ ಉಳಿಯಿತು. ಈ ಸಂಕೇತಗಳು ಕಂದಾಯ ಇಲಾಖೆಯ ನಕ್ಷೆಯನ್ನಲ್ಲ, ಕರೆಯ ದರ ಲೆಕ್ಕ ಹಾಕಲು ಗುರುತಿಸಿದ ಶುಲ್ಕ ವಲಯಗಳನ್ನು ಅನುಸರಿಸುತ್ತವೆ. ಅಂತಹ ವಲಯ ಬಹುಮಟ್ಟಿಗೆ ಒಂದು ತಾಲ್ಲೂಕಿನಷ್ಟಿರುತ್ತದೆ, ಅಷ್ಟೇ.

ಸಂಕೇತದ ನಂತರ ಬರುವ ಮೊದಲ ಅಂಕಿ ಸೇವಾ ಸಂಸ್ಥೆಯದು. ದೂರಸಂಪರ್ಕ ಇಲಾಖೆಯ 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯಲ್ಲಿ 2 ಬಿಎಸ್‌ಎನ್‌ಎಲ್‌ಗೆ, 4 ಏರ್‌ಟೆಲ್‌ಗೆ. ಆಮೇಲಿನ ಅಂಕಿಗಳು ಎಕ್ಸ್‌ಚೇಂಜನ್ನೂ ಕೊನೆಯವು ಅಲ್ಲಿಂದ ಹೊರಟ ಒಂದು ತಂತಿಯನ್ನೂ ಗುರುತಿಸುತ್ತವೆ.

ಮೊಬೈಲ್‌ಗೆ ಈ ಭೂಗೋಳ ಅನ್ವಯಿಸದು. ಅಲ್ಲಿ ವಲಯವೆಂದರೆ ಇಡೀ ಕರ್ನಾಟಕ. ಸಂಖ್ಯೆಗಳು ಮೊದಲ ಕೆಲವು ಅಂಕಿಗಳ ಲೆಕ್ಕದಲ್ಲಿ ಸಂಸ್ಥೆಗಳಿಗೆ ಸಗಟಾಗಿ ಹೋಗುತ್ತವೆ. 9448 ಎಂದರೆ ಕರ್ನಾಟಕದ ಬಿಎಸ್‌ಎನ್‌ಎಲ್. ಆದರೆ 2011ರ ಜನವರಿಯಲ್ಲಿ ದೇಶದಾದ್ಯಂತ ಸಂಖ್ಯೆ ಬದಲಿಸದೆ ಸಂಸ್ಥೆ ಬದಲಿಸುವ ಅವಕಾಶ ಬಂದ ಮೇಲೆ ಆ ಅಂಕಿಗಳು ಸಂಖ್ಯೆಯ ಹುಟ್ಟೂರನ್ನು ಹೇಳುತ್ತವೆಯೇ ಹೊರತು ಈಗಿನ ಮನೆಯನ್ನಲ್ಲ.

ಮೊಬೈಲ್ ಸಂಖ್ಯೆಗಳು 9ರಲ್ಲಿ ಆರಂಭವಾಗಿ 8, 7, 6ಕ್ಕೂ ಇಳಿದಾಗ ತಲೆಭಾಗದ ನಿಯಮ ಮತ್ತೆ ಅಡ್ಡ ಬಂತು. ಸ್ಥಿರ ದೂರವಾಣಿಯಲ್ಲಿ 6 ಒತ್ತಿದರೆ ಅದು ಆರಂಕಿಯ ಸ್ಥಳೀಯ ಸಂಖ್ಯೆಯೋ ಹತ್ತಂಕಿಯ ಮೊಬೈಲೋ ಎಂದು ಯಂತ್ರ ತಿಳಿಯುವುದು ಹೇಗೆ? 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮಾಡುವ ಎಲ್ಲ ಮೊಬೈಲ್ ಕರೆಗಳಿಗೆ ಸೊನ್ನೆ ಕಡ್ಡಾಯವಾದದ್ದು ಇದೇ ಗೊಂದಲ ತಪ್ಪಿಸಿ ಹೊಸ ಸಂಖ್ಯೆಗಳಿಗೆ ಜಾಗ ಮಾಡಲು. ಕೋಲಾರದ ಸ್ಥಿರ ದೂರವಾಣಿಯಿಂದ ಪಕ್ಕದ ಬೀದಿಯ ಮೊಬೈಲ್‌ಗೆ ಕರೆ ಮಾಡುವಾಗಲೂ ಮೊದಲು ಒತ್ತಬೇಕಾದದ್ದು ಆ ಸೊನ್ನೆಯನ್ನೇ.